ಯಾರ ಮೇಲೂ ಆಣೆಯಿಡದೆ

ನನ್ನ ಪೇಟಿಯ ನಡುವಿನ ಒಂದು ಕರಿಯ ಪಟ್ಟಿ ಬಹಳ ಕಾಲ ಒತ್ತಿದರೆ ಒತ್ತಿದಲ್ಲೇ ಕೂತುಬಿಡುತ್ತಿತ್ತು. ಹಾರ್ಮೋನಿಯಂ ಎನ್ನುವ ಉದ್ದನೆಯ ಹೆಸರನ್ನು ನಮ್ಮ ಧಾರವಾಡದ ಕಡೆ ಯಾರೂ ಬಳಸುವುದಿಲ್ಲ, ಪೇಟಿ ಎಂದರಾಯಿತು. ನಾಟಕ ಕಂಪನಿಯಲ್ಲಿದ್ದಾಗ ಎರಡು ಅಂಕಗಳ ನಡುವೆ ಪರದೆಯ ಹಿಂದೆ ಕೂತು ಕುಡಿಯುತ್ತಿದ್ದ ಶೆರೆ ಅದರ ಮೇಲೆ ಚೆಲ್ಲಿ, ಸಂದಿಗಿಳಿದು, ಒಣಗಿ, ಬೆಲ್ಲದ ಪಾಕದಂತೆ ಅಂಟಾಗಿತ್ತು. ಒತ್ತಿದ ಸ್ವರ ಏಳದೆ ಕೊರಗುತ್ತ ಕೂತಿರುವಾಗ ಅದರ ಮೇಲೆ ಬೇರೆ ಸ್ವರಗಳನ್ನು ನುಡಿಸಿದರೆ ಹೇಗೆ ಕೇಳಿಸುತ್ತದೆಂಬುದು, ಗೆಳೆಯರೇ, ಕಿವಿಯಿರುವ ಯಾರಿಗೂ ವಿವರಿಸಬೇಕಾಗಿಲ್ಲ. ಬಿಸಿನೀರಿನ ಬಟ್ಟೆ ಹಿಡಿದು ಅದನ್ನು ಉಜ್ಜಿ ಬಿಡಿಸಿದವನು ನಾನೇ. ಆದರೆ ನಾನು ಕುಡಿತ ಬಿಟ್ಟದ್ದನ್ನು ಊರಿನವರೆಲ್ಲ ದೇವರ ಖಾತೆಗೆ ಬರೆದುಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂಬ ಆಸೆಯೂ ಇಲ್ಲ.

ಹುಬ್ಬಳ್ಳಿಯ ತಗಡಿನ ಥೇಟರಿನಲ್ಲಿ ಒಂದು ದಿನ, ನಾಯಕಿ ಕಣ್ಣೀರು ತುಂಬಿಕೊಂಡು ವಿರಹದ ಪದ ಎತ್ತಿಕೊಂಡಾಗ, ನನ್ನ ಬೆರಳುಗಳು ತಮ್ಮಷ್ಟಕ್ಕೆ ತಾವೇ ವಿದೂಷಕನ ಪದದೊಳಕ್ಕೆ ಜಾರಿದವು. ಜನ ಸೀಟಿ ಹೊಡೆದು ನಕ್ಕರು. ಆ ಹೆಣ್ಣುಮಗಳು ನಡುರಂಗದಲ್ಲಿ ಬಾಯಿ ತೆರೆದು ನಿಂತು ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ. ಮಾಲಕರು ಕೂಗಾಡಲಿಲ್ಲ. "ಪೇಟಿ ಮಾಸ್ತರ್, ನೀವಿನ್ನ ಮನಿಗೆ ಹೋಗ್ರಿ," ಎಂದರು, ಅಷ್ಟೆ. ಧಾರವಾಡದ ಮನೆಗೆ ಬಂದೆ. ನನ್ನ ಹೆಂಡತಿ ಗೌರವ್ವ ಪೇಟಿಯನ್ನು ಒಳಗೆ ತೆಗೆದಿಟ್ಟು, ನನ್ನನ್ನು ಹೊರಗೆ ಕರೆದುಕೊಂಡು ಹೊರಟಳು. ಹೋದದ್ದು ಪಾನತ್ಯಾಗ ಸಂಘಕ್ಕೆ.

ಶೆರೆ ಅಂಗಡಿಗಳ ಮುಂದೆ ಖಾದಿ ತೊಟ್ಟವರು ನಿಂತು ಒಳಗೆ ಹೋಗುವವರಿಗೆಲ್ಲ ಕೈಮುಗಿಯುತ್ತಿದ್ದ ಕಾಲ ಅದು. ಊರಿನ ದೊಡ್ಡವರು ಕೂಡಿ ಕಟ್ಟಿದ ಆ ಸಂಘ ಗುರುವಾರಕ್ಕೊಮ್ಮೆ ಒಂದು ಹಳೆಯ ವಾಡೆಯ ಪಡಸಾಲೆಯಲ್ಲಿ ಸೇರುತ್ತಿತ್ತು. ಮೊದಲು ಭಜನೆ, ಆಮೇಲೆ ಬಿಟ್ಟವರು, ಬಿಡಬೇಕೆನ್ನುವವರು, ಬಿಡಲಾರದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಪಾಡು ಹೇಳುವುದು, ಕಡೆಗೆ ಮಂಗಳಾರತಿ. ಹೊಸದಾಗಿ ಬಂದವನು ಉರಿಯುವ ಕರ್ಪೂರದ ಮೇಲೆ ಕೈ ಹಿಡಿದು, ದೇವರಾಣೆ ಇನ್ನು ಮುಟ್ಟುವುದಿಲ್ಲ ಎನ್ನಬೇಕು. ಅಧ್ಯಕ್ಷರು ಹೆಸರಾಂತ ವಕೀಲರು. ತಟ್ಟೆಯನ್ನು ನನ್ನ ಮುಂದೆ ಹಿಡಿದಾಗ ನಾನು ಕೈ ಚಾಚಲಿಲ್ಲ.

"ನನಗ ದೇವರ ಮ್ಯಾಲ ನಂಬಿಕಿ ಇಲ್ರಿ. ಸುಳ್ಳ ಆಣಿ ಹ್ಯಾಂಗ ಮಾಡ್ಲಿ? ಬಿಡ್ತೇನಿ ಅಂತ ಬಾಯಿಲೆ ಹೇಳ್ತೇನಿ, ಅಷ್ಟs ತಗೋರಿ," ಎಂದೆ.

ವಕೀಲರು ಮುಗುಳ್ನಕ್ಕರು. "ಬರೇ ಬಾಯಿಮಾತು ನಡಿಯೂದಿಲ್ಲ, ಮಾಸ್ತರ. ದೇವರ ಕೈ ಹಿಡೀದs ಈ ಚಟಾ ಬಿಟ್ಟಾಂವ ಇನ್ನೂ ಹುಟ್ಟಿಲ್ಲ. ಎಂಟು ದಿನ ತಡೀರಿ, ಮತ್ತ ಅದs ಅಂಗಡಿ ಮುಂದ ನಿಂತಿರ್ತೀರಿ."

ಆದರೂ ನನ್ನನ್ನು ಹೊರಗೆ ಹಾಕಲಿಲ್ಲ. ಸಂಘಕ್ಕೆ ಪೇಟಿ ನುಡಿಸುವವರು ಇರಲಿಲ್ಲ. ದೇವರಿಗೆ ನನ್ನ ನಂಬಿಕೆ ಬೇಕಿತ್ತೋ ಇಲ್ಲವೋ, ಭಜನೆಗೆ ನನ್ನ ಬೆರಳು ಬೇಕಾಗಿದ್ದವು. ಹೀಗಾಗಿ ನಾನು ಇಲ್ಲವೆಂದು ತಿಳಿದವನ ಗುಣಗಾನಕ್ಕೆ ಪ್ರತಿ ಗುರುವಾರ ಶ್ರುತಿ ಹಿಡಿದೆ. ನುಡಿಸುವುದಕ್ಕೆ ನನಗೆ ಏನೂ ಸಂಕಟವಿರಲಿಲ್ಲ. ಪದಗಳು ಸೊಗಸಾಗಿದ್ದವು, ರಾಗಗಳಂತೂ ಯಾರಪ್ಪನ ಆಸ್ತಿಯೂ ಅಲ್ಲ. ಸಂಕಟವಿದ್ದದ್ದು ಭಜನೆ ಮುಗಿದ ಮೇಲೆ. ಪ್ರತಿಯೊಬ್ಬನೂ ಬಳಿಗೆ ಬಂದು, ರೋಗಿಯ ನಾಡಿ ಹಿಡಿಯುವವನ ದನಿಯಲ್ಲಿ, "ನಿಮ್ಮ ಮನ್ಯಾಗ ಯಾರರೆ ತೀರಿಕೊಂಡಿದ್ರೇನ್ರಿ?" ಎಂದು ಕೇಳುತ್ತಿದ್ದ. ಯಾರೂ ತೀರಿಕೊಂಡಿರಲಿಲ್ಲ! ನಂಬುವವನು ನಂಬುವುದಕ್ಕೆ ಕಾರಣ ಕೊಡಬೇಕಾಗಿಲ್ಲ. ನಂಬದವನ ಮನೆಯಲ್ಲಿ ಮಾತ್ರ ಒಂದು ಹೆಣವಾದರೂ ಬಿದ್ದಿರಬೇಕು. ನನ್ನ ತಲೆ ಸ್ವಂತ ವಿಚಾರದಿಂದ, ಯಾವ ದುಃಖದ ನೆರವೂ ಇಲ್ಲದೆ, ಅಷ್ಟು ದೂರ ನಡೆದಿರಬಹುದೆಂದು ಒಬ್ಬನಿಗೂ ಹೊಳೆಯಲಿಲ್ಲ. ಕುಡುಕ ಎಂದು ಕರೆದಾಗ ಆಗದಿದ್ದ ಅವಮಾನ ನನಗೆ ಆ ಕನಿಕರದಿಂದ ಆಯಿತು.

ಕುಡಿಯದವರಿಗೆ ಸಂಜೆಯೆಂದರೆ ಏನೆಂದು ಗೊತ್ತಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಒಡಲೊಳಗೆ ಏನೋ ಹೊತ್ತಿಕೊಳ್ಳುತ್ತದೆ. ಮನೆಮನೆಗಳಲ್ಲಿ ದೀಪ ಹಚ್ಚುತ್ತಾರೆ, ದನಗಳು ಧೂಳೆಬ್ಬಿಸುತ್ತ ಮರಳುತ್ತವೆ, ಎಲ್ಲರಿಗೂ ಹೋಗಲು ಒಂದು ಮನೆಯಿದೆ. ಮನೆಯೊಳಗೇ ಕೂತಿರುವ ನಿನಗೆ ಮಾತ್ರ ಎಲ್ಲಿಗೋ ಹೋಗಬೇಕಾಗಿದೆ ಎಂದು ಕಾಲಿನ ಮೀನಖಂಡಗಳು ಹೇಳತೊಡಗುತ್ತವೆ. ಆ ಹೊತ್ತಿನಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ವಕೀಲರ ಆ 'ಎಂಟು ದಿನ' ಎಂಬ ಮಾತು. ತೋರಿಸುತ್ತೇನೆ ತಡಿ ಎಂದು ಹಲ್ಲು ಕಚ್ಚಿ ಕೂತೆ. ಎಂಟು ದಿನ ಕಳೆಯಿತು, ತಿಂಗಳು ಕಳೆಯಿತು, ಸುಗ್ಗಿ ಕಳೆಯಿತು. ಭಕ್ತಿ ಒಬ್ಬನನ್ನು ಎಷ್ಟು ದೂರ ನಡೆಸುತ್ತದೋ ಸಿಟ್ಟೂ ಅಷ್ಟೇ ದೂರ ನಡೆಸಬಲ್ಲದು.

ಆದರೆ ಸಿಟ್ಟೂ ಒಣಗುವ ವಸ್ತುವೇ. ಮುಂಗಾರಿನ ಒಂದು ಸಂಜೆ, ಯಾವ ಕಾರಣವೂ ಇಲ್ಲದೆ, ಹೋಗಿ ಕುಡಿದು ಬಂದೆ. ಬೆಳಗಾದಾಗ ಗೌರವ್ವ ಎದುರಿಗೆ ನಿಂತು ಮನಸ್ಸು ತಣಿಯುವಷ್ಟು ಬೈದಳು. ಬೈದು ಮುಗಿಸಿ, "ಆತಲ್ಲ, ಬಿದ್ರಿ. ಈಗ ಏಳ್ರಿ. ಮಾರಿ ತೊಳಕೊಂಡು ಚಾ ಕುಡೀರಿ. ಇವತ್ತಿಂದ ಮತ್ತ ಹಿಡೀರಿ," ಎಂದಳು. ಅವಳು ಸೋಮವಾರದ ಉಪವಾಸ ಒಮ್ಮೆಯೂ ಬಿಟ್ಟವಳಲ್ಲ, ಆದರೂ ಆ ದಿನ ದೇವರ ಹೆಸರೆತ್ತಲಿಲ್ಲ. ನಾನು ಮಾತು ತಪ್ಪಿದ್ದು ಒಬ್ಬ ಮನುಷ್ಯ ಜೀವಕ್ಕೆ, ನನ್ನ ಹೆಂಡತಿಗೆ. ಅವಳು ಅಲ್ಲೇ ಇದ್ದಳು, ಬೈದಳು, ಚಹಾ ಕೊಟ್ಟಳು. ಗುರುವಾರ ಸಂಘದಲ್ಲಿ ಎದ್ದು ನಿಂತು ಹೇಳಿದೆ. ವಕೀಲರು ಗೆದ್ದವರಂತೆ ತಲೆಯಾಡಿಸಿದರು. ಪೇಟಿಯ ಮುಂದಿನ ನನ್ನ ಜಾಗ ಮಾತ್ರ ನನಗೇ ಉಳಿಯಿತು.

ಈಗ ಫಕೀರಪ್ಪನ ಮಾತು. ಅವನು ನಮ್ಮದೇ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದವನು; ಕೈಲಾಸ, ವೈಕುಂಠ, ಇಂದ್ರಸಭೆ ಎಲ್ಲ ಅವನ ಕುಂಚದಿಂದಲೇ ಇಳಿಯಬೇಕು. ಶಿವನ ಮುಖ ಬರೆಯುವ ದಿನ ಮಿಂದು ಮಡಿಯುಟ್ಟು ಬರುತ್ತಿದ್ದ, ಬರೆದು ಮುಗಿಸಿದ ಸಂಜೆ ತೂರಾಡುತ್ತ ಹೋಗುತ್ತಿದ್ದ. ನನಗಿಂತ ಸ್ವಲ್ಪ ಮೊದಲೇ ಅವನೂ ಸಂಘ ಸೇರಿದ್ದ. ಕರ್ಪೂರದ ಮೇಲೆ ಅವನು ಅಂಗೈಯನ್ನು ಎಷ್ಟು ಹೊತ್ತು ಹಿಡಿದನೆಂದರೆ ಅದು ಬೊಬ್ಬೆಯೆದ್ದಿತ್ತಂತೆ. ಭಜನೆಯಲ್ಲಿ ನನ್ನ ಪಕ್ಕವೇ ಕೂತು ತಾಳ ಹಾಕುತ್ತಿದ್ದ. ನನ್ನ ಕೈ ನಡುಗಿದ ದಿನ, ಯಾರಿಗೂ ಕಾಣದಂತೆ ಮೊಣಕೈಯಿಂದ ತಿವಿದು, "ಇನ್ನೊಂದು ಪದಾ ಅಷ್ಟs ಮಾಸ್ತರ್, ದಾಟಿತು," ಎನ್ನುತ್ತಿದ್ದ. ನಾನು ನಂಬದವನೆಂದು ಒಮ್ಮೆಯೂ ಕನಿಕರಪಡಲಿಲ್ಲ.

ಅವನ ಸೋದರಮಾವ ತೀರಿಕೊಂಡ. ಹಳ್ಳಿಗೆ ಮಣ್ಣಿಗೆ ಹೋದವನಿಗೆ ನೆಂಟರು, ದುಃಖ ಮರೆಯಲೆಂದು, ಕುಡಿಸಿದರು. ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೂರನೆಯ ಗುರುವಾರ, ನಾನು ಭಜನೆಗೆ ಸ್ವರ ಹಿಡಿದು ಕೂತಾಗ, ವಕೀಲರು ಎದ್ದು ನಿಂತು ಹೇಳಿದರು: "ಫಕೀರಪ್ಪ ದೇವರ ಆಣಿ ಮುರದಾನ. ಮನುಷ್ಯಾರಿಗೆ ಮೋಸಾ ಮಾಡಿದ್ರ ಕ್ಷಮಾ ಅದ, ದೇವರಿಗೆ ಮಾಡಿದ್ರ ಎಲ್ಲಿ ಅದ? ಅವನ ಮನಿ ಕಡೆ ಯಾರೂ ಹೋಗಬ್ಯಾಡ್ರಿ. ನಿಮ್ಮ ಮನಸೂ ಕೆಡ್ತದ."

ನನ್ನ ಕೈ ಗಾಳಿ ಹಾಕುವ ಭಾತೆಯ ಮೇಲೆ ನಿಂತುಬಿಟ್ಟಿತು. ಪೇಟಿ ಉಸಿರು ಬಿಟ್ಟು ಸುಮ್ಮನಾಯಿತು.

"ನಾನೂ ಕುಡದಿದ್ದೆನಲ್ರಿ," ಎಂದೆ. "ನನಗ ಮತ್ತ ಜಾಗಾ ಕೊಟ್ರಿ?"

"ನಿಮ್ಮ ಮಾತs ಬ್ಯಾರೆ. ನೀವು ಆಣಿ ಮಾಡಿರಲಿಲ್ಲ."

"ಅಂದ್ರ, ನಂಬಲಾರದಾಂವಗ ನಿಮ್ಮ ಬಾಗಲಾ ತಗದೈತಿ, ನಂಬಿದಾಂವಗ ಮುಚ್ಚೈತಿ! ಛಲೋ ಐತ್ರಿ ನಿಮ್ಮ ಧರ್ಮಾ!"

ಪೇಟಿಯ ಮುಚ್ಚಳ ಹಾಕಿದೆ. ಹಾಕುವಾಗ ಆದ ಸದ್ದು ಸ್ವಲ್ಪ ದೊಡ್ಡದೇ ಆಯಿತು. ಆಗಲಿ ಎಂದೇ ಹಾಕಿದೆ. ಅಲ್ಲಿಂದ ನೆಟ್ಟಗೆ ಕೆಲಗೇರಿಗೆ, ಫಕೀರಪ್ಪನ ಮನೆಗೆ ನಡೆದೆ. ದಾರಿಯುದ್ದಕ್ಕೂ ನನ್ನೊಳಗೆ ಕುದಿಯುತ್ತಿದ್ದ ಮಾತು ಒಂದೇ: ಮನುಷ್ಯರಿಗೆ ಕೊಟ್ಟ ಮಾತು ಮುರಿದರೆ ಮನುಷ್ಯರ ಹತ್ತಿರ ಮರಳಬಹುದು, ದೇವರ ಹೆಸರಿನಲ್ಲಿ ಕಟ್ಟಿಸಿಕೊಂಡ ಮಾತು ಮುರಿದವನು ಮರಳುವುದೆಲ್ಲಿಗೆ? ಬೀಳುವುದೇ ಸ್ವಭಾವವಾದ ರೋಗಿಯ ಕೈಯಿಂದ, ಬಿದ್ದರೆ ಏಳಲಾಗದಂಥ ಆಣೆ ಮಾಡಿಸಿದವರು ಯಾವ ವೈದ್ಯರು?

ಬಾಗಿಲಲ್ಲೇ ಅವನ ಹೆಂಡತಿ ದಾರಿ ಬಿಟ್ಟಳು. ಒಳಗೆ ಅವನ ಸಣ್ಣ ಮಗಳು ಕೌದಿ ಹೊದ್ದು ಜ್ವರದಿಂದ ನಡುಗುತ್ತಿದ್ದಳು. ಫಕೀರಪ್ಪ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಶೆರೆಯ ನಾತ ಮನೆಯನ್ನೆಲ್ಲ ತುಂಬಿತ್ತು.

"ಒಳಗ ಬರಬ್ಯಾಡ್ರಿ ಮಾಸ್ತರ್. ನಾ ಕೆಟ್ಟೇನಿ," ಎಂದ. "ಕರ್ಪೂರದ ಮ್ಯಾಲ ಕೈ ಇಟ್ಟು ಹೇಳಿದ್ದೆ. ಅದಕ್ಕs ಅಂವ ಈಗ ನನ್ನ ಮಗಳ ಮ್ಯಾಲ ಕೈ ಇಟ್ಟಾನ. ಆಕಿನ್ನ ನೋಡಿದ್ರ ಅಂಜಿಕಿ ಬರತೈತಿ. ಅಂಜಿಕಿ ಬಂದ್ರ ಕುಡೀತೇನಿ. ಕುಡದ್ರ ಮತ್ತಷ್ಟು ಅಂಜಿಕಿ."

ನನಗೆ ಬಂದ ಸಿಟ್ಟು ಅವನ ಮೇಲಿನದಲ್ಲ, ಆದರೆ ಎದುರಿಗಿದ್ದವನು ಅವನೊಬ್ಬನೇ. "ಒಂದ ಬಟ್ಟಲಕ್ಕ ಕೂಸಿನ ಜೀವಾ ಕೇಳೂವಷ್ಟು ಸಣ್ಣಾಂವ ಏನೋ ನಿನ್ನ ದೇವರು?" ಎಂದು ಕೂಗಿದೆ. "ನೀ ಪರದೆ ಮ್ಯಾಲ ಬರದ ಶಿವನ ಮಾರಿ ನೋಡೇನಿ ನಾನು. ಅಂಥಾ ಮಾರಿ ಇದ್ದಾಂವ ಹಿಂಗ ಮಾಡ್ತಾನೇನು? ಮಾಡ್ತಾನ ಅಂದ್ರ ನೀ ಬರದದ್ದು ಸುಳ್ಳು!"

ವಕೀಲರು ಅಲ್ಲಿ ದೇವರ ಹೆಸರಿನಲ್ಲಿ ಫಕೀರಪ್ಪನ ಮೇಲೆ ಫಿರ್ಯಾದು ಹೇಳುತ್ತಿದ್ದರೆ, ನಂಬದ ನಾನು ಇಲ್ಲಿ ದೇವರ ಪರವಾಗಿ ವಕೀಲಿ ಮಾಡುತ್ತಿದ್ದೆ. ಫಕೀರಪ್ಪ ಗೋಡೆಯಿಂದ ಮುಖ ತಿರುಗಿಸಿದ. ಅವನ ಗಡ್ಡದ ಮೇಲೆಲ್ಲ ಕಣ್ಣೀರು.

"ನನಗ ನಿನ್ನ ಆಣಿ ಬ್ಯಾಡ," ಎಂದೆ. "ನಾಳೆ ಹೊತ್ತು ಮುಳಗೂ ಮುಂದ ಕೆರಿ ಏರಿ ಮ್ಯಾಲ ನಿಂತಿರ್ತೇನಿ. ಕುಡದಿದ್ರೂ ಬಾ, ಕುಡೀದಿದ್ರೂ ಬಾ."

ಮೊದಲು ಆ ಮಗುವನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಹೋದೆ, ಅವಳ ತಾಯಿ ಹಿಂದೆಯೇ ಓಡಿಬಂದಳು. ಚಳಿಜ್ವರ, ಮತ್ತೇನಲ್ಲ. ಕ್ವಿನೈನಿನ ಕಹಿಗೆ ಮುಖ ಕಿವುಚುತ್ತ ಹುಡುಗಿ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದಳು. ಅವಳ ಅಪ್ಪ ಅಷ್ಟು ಸುಲಭದ ರೋಗಿಯಾಗಿರಲಿಲ್ಲ. ಮರುದಿನ ಏರಿಯ ಮೇಲೆ ನಾನೊಬ್ಬನೇ ನಿಂತು ನೀರು ಕಪ್ಪಾಗುವುದನ್ನು ನೋಡಿ ಬಂದೆ. ಅದರ ಮರುದಿನವೂ ಹಾಗೆಯೇ. ಆಮೇಲೆ ಒಂದು ಸಂಜೆ ಕುಡಿದೇ ಬಂದ. ಬಂದನಲ್ಲ, ಅಷ್ಟೇ ಸಾಕೆಂದು ಬೈಯುತ್ತಲೇ ಜೊತೆಗೆ ನಡೆದೆ. ಮತ್ತೊಂದು ಸಂಜೆ ಕುಡಿಯದೆ ಬಂದ. ಹೀಗೆ ಶುರುವಾದದ್ದು ನಮ್ಮ ಸಂಘ: ಇಬ್ಬರು ಸದಸ್ಯರು, ಅಧ್ಯಕ್ಷರಿಲ್ಲ, ಕರ್ಪೂರವಿಲ್ಲ. ಹೊತ್ತು ಮುಳುಗುವ ಮುನ್ನ ಸೇರುವುದು, ಎದೆಯೊಳಗಿನ ಉರಿ ತಾನಾಗಿ ನಂದುವವರೆಗೆ ಏರಿಯ ಮೇಲೆ ಅತ್ತಿಂದಿತ್ತ ನಡೆಯುವುದು. ಧರ್ಮದ ಮಾತು ಬಂದರೆ ಜಗಳ, ಬಣ್ಣದ ಮಾತು ಬಂದರೆ ಅವನ ಉಪದೇಶ, ರಾಗದ ಮಾತು ಬಂದರೆ ನನ್ನದು. ಗೌರವ್ವ ಒಮ್ಮೊಮ್ಮೆ ಚುರಮರಿ ಕಟ್ಟಿಕೊಡುತ್ತಿದ್ದಳು. ಜಗಳವಾಡುತ್ತಲೇ ಎರಡು ಮಳೆಗಾಲ ಕಳೆದೆವು.

ಸುದ್ದಿ ಊರಲ್ಲಿ ಹಬ್ಬಿತು. ಸಂಘದ ವಾರ್ಷಿಕೋತ್ಸವಕ್ಕೆ ಫಕೀರಪ್ಪನನ್ನು, ಮೆರವಣಿಗೆಯೊಂದನ್ನು ಬಿಟ್ಟು ಉಳಿದೆಲ್ಲ ಸಡಗರದಿಂದ, ಕರೆದರು. ನಾನು ಹೋಗಬಾರದೆಂದಿದ್ದೆ, ಅವನು ಒತ್ತಾಯ ಮಾಡಿದ್ದಕ್ಕೆ ಗೌರವ್ವನೊಡನೆ ಹೋಗಿ ಹಿಂದೆ ಕೂತೆ. ವಕೀಲರು ಅವನ ಹೆಗಲಿಗೆ ಗರಗದಲ್ಲಿ ನೇಯ್ದ ಖಾದಿಯ ಶಲ್ಯ ಹೊದಿಸಿದರು. ಫಕೀರಪ್ಪ ಕೈಮುಗಿದು ನಿಂತು ಹೇಳಿದ: "ನಾ ಸತ್ತಾಂಗ ಬಿದ್ದಿದ್ದೆ. ದೇವರು ಪೇಟಿ ಮಾಸ್ತರನ್ನ ನನ್ನ ಮನಿಗೆ ಕಳಿಸಿದ."

ಚಪ್ಪಾಳೆಯೋ ಚಪ್ಪಾಳೆ. ನನ್ನ ಕಿವಿಗಳು ಬಿಸಿಯಾದವು. ವಕೀಲರು ಕಣ್ಣಿನಿಂದಲೇ ನನ್ನನ್ನು ಹುಡುಕಿ ಹಿಡಿದು, ಎಲ್ಲರಿಗೂ ಕೇಳುವಂತೆ, "ನೋಡಿದ್ರೇನು ಮಾಸ್ತರ? ನೀವು ನಂಬದಿದ್ರೂ ಅಂವ ನಿಮ್ಮ ಕಡಿಂದ ಕೆಲಸಾ ತಗೊಂಡಾನ," ಎಂದರು.

ನಾನು ಏಳುವ ಮೊದಲೇ ನನ್ನ ಪಕ್ಕದಲ್ಲಿ ಸೆರಗು ಸರಿಪಡಿಸಿಕೊಂಡು ಗೌರವ್ವ ಎದ್ದಳು. ಆ ಸಭೆಯಲ್ಲಿ ಅಲ್ಲಿಯತನಕ ಯಾವ ಹೆಂಗಸೂ ಬಾಯಿ ಬಿಟ್ಟಿರಲಿಲ್ಲ. "ಅಲ್ರೀ ವಕೀಲ್ರ, ನಾನೂ ಸೋಮವಾರ ಹಿಡಿಯಾಕಿ, ದೇವರ ಸುದ್ದಿ ನನಗೂ ಗೊತ್ತೈತಿ," ಎಂದಳು. "ಇವರನ್ನ ಅಂವ ಕಳಿಸಿದ ಅಂತೀರಿ, ಖರೇ ಇರಬಹುದು. ಮತ್ತ ಅವತ್ತ ಯಾರೂ ಹೋಗಬ್ಯಾಡ್ರಿ ಅಂತ ಹೇಳಾಕ ನಿಮ್ಮನ್ನ ಯಾರು ಕಳಿಸಿದ್ರು?"

ವಕೀಲರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಮಂಗಳಾರತಿ ಶುರುಮಾಡಲು ಹೇಳಿದರು.

ಹೊರಗೆ ಬಂದಾಗ ಇನ್ನೂ ಬಿಸಿಲಿತ್ತು. ಗೌರವ್ವ ಮನೆಯ ದಾರಿ ಹಿಡಿದಳು, ನಾನು ಯಾರ ಮುಖವನ್ನೂ ನೋಡದೆ ಕೆಲಗೇರಿಯ ಕಡೆ ಬಿರಬಿರನೆ ನಡೆದೆ. ಫಕೀರಪ್ಪ ಶಲ್ಯ ಹಿಡಿದುಕೊಂಡು ಹಿಂದೆ ಓಡಿಬಂದ.

"ಸಿಟ್ಟಾದ್ರೇನು ಮಾಸ್ತರ್?"

"ಆದೆ. ಎರಡು ಮಳಿಗಾಲ ನಿನ್ನ ಕೂಡ ನಡದಾವು ನನ್ನ ಕಾಲು. ಕಳಿಸಿದಾಂವ ಅಂವ ಆದನೇನು?"

ಅವನು ಶಲ್ಯವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ. "ನನಗ ಎದಿ ತುಂಬಿ ಬರತೈತ್ರಿ," ಎಂದ. "ಯಾರಿಗರೆ ಕೈ ಮುಗೀಬೇಕು ಅನಸ್ತೈತಿ. ಅವಗ ಮುಗೀದs ಯಾರಿಗೆ ಮುಗೀಲಿ? ನಿಮಗ ಮುಗದ್ರ ನೀವು ಬೈತೀರಿ."

ಸಿಟ್ಟು ಇನ್ನೂ ಇದ್ದಲ್ಲೇ ಇತ್ತು.

"ಬೈತೇನಿ," ಎಂದೆ. "ಲಗೂ ನಡಿ, ಹೊತ್ತು ಮುಳಗಾಕತ್ತೈತಿ."