ಎರಡು ಎಡತೋಳಿನ ಅಂಗಿ

ಸೊಸೆ ಮತ್ತೆ ಹೊಲಿಗೆ ಅಂಗಡಿಯಲ್ಲಿ ಕೂರುವಳೇ ಎಂಬುದೊಂದೇ ಅತ್ತೆಯ ಚಿಂತೆ. ಹೊಲಿಗೆ ಕಲಿಸಿದವರು ಅವರೇ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ನೋಟದಲ್ಲೇ ಅಳತೆ ಹಿಡಿಯುವ ಹುಡುಗಿ ಅವಳು. ತುಂಬು ಬಸುರಿನಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬಂದದ್ದೇ ಬಂದದ್ದು, ಎಲ್ಲ ತಲೆಕೆಳಗಾಯಿತು. ಮಗು ಸುಖವಾಗಿ ಹುಟ್ಟಿತು. ತಾಯಿಗೆ ಮಾತ್ರ ಎರಡು ದಿನ ಲೋಕವೇ ಕಾಣಲಿಲ್ಲ.

"ಕಣ್ಣಿಗೇನೂ ಆಗಿಲ್ಲಮ್ಮ," ಎಂದಿದ್ದರು ಡಾಕ್ಟರು. "ಒತ್ತಡಕ್ಕೆ ಮೆದುಳಿನ ಹಿಂಭಾಗ ಊದಿಕೊಂಡಿತ್ತು. ಕಂಡದ್ದನ್ನ ಗುರುತಿಸೋ ಜಾಗ ಅದು. ಈಗ ಊತ ಇಳಿದಿದೆ. ಮರೆವು ಸ್ವಲ್ಪ ಕಾಲ ಇರಬಹುದು, ಗಾಬರಿ ಬೇಡ. ಬಿಪಿ ಮಾತ್ರ ತಪ್ಪದೆ ನೋಡಿಸ್ತಿರಿ."

ನೋಟವೇನೋ ಮರಳಿತು. ಆದರೆ ಒಲೆಯ ಮೇಲಿನ ಹಾಲು ಉಕ್ಕುತ್ತಲೇ ಇತ್ತು, ಆಡುವ ಮಾತು ಅರ್ಧದಲ್ಲೇ ಜಾರುತ್ತಿತ್ತು. ಅತ್ತೆ ಅಂಗಡಿಯ ಬೀಗದ ಕೈಯನ್ನು ಬಚ್ಚಿಟ್ಟರು. ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಕತ್ತರಿಯನ್ನು ತಂದು ಮುಂದಿಟ್ಟರು.

"ಮಗೂಗೆ ಒಂದು ಅಂಗಿ ಹೊಲಿ. ನಾನು ಬಾಯಿ ಬಿಡೋಲ್ಲ. ನೆಟ್ಟಗೆ ಬಂದರೆ ಅಂಗಡಿ ನಿಂದು."

"ಬಾಯಿ ಬಿಡದೆ ಇರೋಕೆ ನಿಮ್ಮ ಕೈಲಾಗುತ್ತಾ, ಅತ್ತೆ?"

"ನಿನ್ನ ಮಾವನಿಗೆ ಆ ಭಾಗ್ಯ ಇರಲಿಲ್ಲ. ನಿನಗಿರಲಿ."

ತೋಳಿನ ಮುಂಭಾಗವನ್ನು ಹಿಂಭಾಗಕ್ಕಿಂತ ತುಸು ಆಳವಾಗಿ ಕತ್ತರಿಸಬೇಕು; ಹಾಗಾಗಿ ಎಡದ್ದು ಬಲಕ್ಕೆ ಹೊಂದದು. ಅದಕ್ಕೇ ಬಟ್ಟೆ ಮಡಚಿ ಎರಡು ತೋಳನ್ನೂ ಒಟ್ಟಿಗೆ ತೆಗೆಯುವುದು ರೂಢಿ. ಒಂದೇ ಬದಿಗೆ ಹಕ್ಕಿಗಳ ಚಿತ್ರವಿದ್ದ ಹಳದಿ ಬಟ್ಟೆಯ ತುಂಡು ಚಿಕ್ಕದಾದ್ದರಿಂದ ಸೊಸೆ ಒಂದೊಂದಾಗಿ ಕತ್ತರಿಸಿದಳು. ಎರಡನೆಯ ತೋಳಿಗೆ ಕಾಗದದ ಅಚ್ಚನ್ನು ಮಗುಚಿಡುವುದನ್ನು ಮಾತ್ರ ಮರೆತಳು. ಎರಡೂ ಎಡತೋಳು!

ಅತ್ತೆ ಕತ್ತರಿಸಿಟ್ಟ ತೋಳುಗಳತ್ತ ಬಗ್ಗಿ ನೋಡಿದರು. ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು ಮೊಮ್ಮಗಳನ್ನು ತೊಡೆಯ ಮೇಲೆ ಜೋರಾಗಿ ಕುಣಿಸಿದರು. ಸೊಸೆ ಸೂಜಿಗೆ ದಾರ ಪೋಣಿಸಿದಳು. ತೋಳನ್ನು ಅಂಗಿಗೆ ಹಿಡಿದಳು, ತಿರುಗಿಸಿದಳು, ಇನ್ನೊಂದನ್ನು ಹಿಡಿದಳು, ಹುಬ್ಬು ಗಂಟಿಕ್ಕಿದಳು. ಆಮೇಲೆ ಕಿಸಕ್ಕನೆ ನಕ್ಕಳು.

"ಅಯ್ಯೋ ಅತ್ತೆ, ನಿಮ್ಮ ಮೊಮ್ಮಗಳಿಗೆ ಎರಡೂ ಎಡಗೈ ಮಾಡಿಟ್ಟಿದ್ದೀನಿ! ನಿಮಗೆ ಕಂಡಿತ್ತು ತಾನೆ?"

"ಆಗಲೇ ಕಂಡಿತ್ತು ಕಣೇ!"

"ಮತ್ತೆ ಹೇಳಬಾರದಾ? ಬಟ್ಟೆ ದಂಡ ಆಯ್ತು."

"ಹೋದರೆ ಹೋಗಲಿ ಬಟ್ಟೆ. ನಿನ್ನ ತಪ್ಪು ನಿನಗೇ ಕಾಣಿಸ್ತಲ್ಲ, ನನಗದು ಸಾಕು," ಎಂದ ಅತ್ತೆಯ ಕಣ್ಣು ತುಂಬಿ ಬಂದಿತ್ತು.

ಬಲತೋಳನ್ನು ಕೆಂಪು ಚೂರಿನಲ್ಲಿ ಹೊಸದಾಗಿ ಕತ್ತರಿಸಿ ಹೊಲಿದದ್ದಾಯಿತು. ಮಗು ಅಂಗಿ ತೊಟ್ಟ ಕೂಡಲೆ ಕೆಂಪು ತೋಳನ್ನೇ ಬಾಯಿಗಿಟ್ಟುಕೊಂಡಿತು.

ಅತ್ತೆ ಬೀಗದ ಕೈ ತರಲು ಎದ್ದರು. ಬೀರು ನೋಡಿದರು, ಹಾಸಿಗೆ ಕೊಡವಿದರು, ಡಬ್ಬಗಳನ್ನೆಲ್ಲ ತಡಕಾಡಿದರು.

"ಎಲ್ಲಿಟ್ಟೆನಪ್ಪಾ..."

"ಹಳೇ ಗುಂಡಿಗಳ ಡಬ್ಬದಲ್ಲಿ, ಅತ್ತೆ. ನೀವು ಬಚ್ಚಿಟ್ಟಾಗಲೇ ನೋಡಿದ್ದೆ."

"ನೋಡಿದ್ದು ನೆನಪಿತ್ತಾ? ಮತ್ತೆ ತಗೋಬಾರದಿತ್ತೇನೇ?"

"ನೀವೇ ಕೊಡಲಿ ಅಂತ ಕಾದೆ," ಎಂದಳು ಸೊಸೆ, ಮಗುವಿನ ಬಾಯಿಂದ ತೋಳು ಬಿಡಿಸುತ್ತಾ. "ಅಂದಹಾಗೆ, ನಾಳೆ ನಿಮ್ಮ ಬಿಪಿನೂ ಒಂದು ಸಲ ನೋಡಿಸಿಬಿಡೋಣ."