ಸಂಕಷ್ಟಿಯ ದಿನ ಬೆಟ್ಟ ಹತ್ತಿದ ಶಾರದಮ್ಮ

2022ರಲ್ಲಿ ನಾನು ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರ್ ಆಗಿದ್ದೆ. ನಿವೃತ್ತಿಗೆ ಎರಡೇ ವರ್ಷ ಬಾಕಿ. ಇನ್ನು ನಾನು ನೋಡದ ಕೇಸ್ ಯಾವುದಿದೆ ಎಂಬ ಜಂಬವಿತ್ತು, ಒಪ್ಪಿಕೊಳ್ಳುತ್ತೇನೆ.

ಶಾರದಮ್ಮ (ಹೆಸರು ಬದಲಿಸಿದ್ದೇನೆ) ನನ್ನ ಬಳಿ ಬಂದದ್ದು ಅದರ ಹಿಂದಿನ ವರ್ಷ. ಮೈಸೂರಿನಲ್ಲಿ ಟೀಚರ್ ಆಗಿದ್ದವರು, ವಯಸ್ಸು ಅರವತ್ಮೂರು, ಮಗಳು ರೇಖಾಳ ಮನೆಯಲ್ಲಿ ವಾಸ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎ1ಸಿ ಪರೀಕ್ಷೆಯಲ್ಲಿ 9.8 ಬಂದಿತ್ತು. ಏಳರ ಆಸುಪಾಸಿನಲ್ಲಿದ್ದರೆ ನಮಗೆ ಸಮಾಧಾನ. ಹೀಗೆ ಕೂತರೆ ಆಗದು, ನಡೆಯಿರಿ ಎಂದು ಗದರಿದೆ.

"ಮನೆಯವರೆಲ್ಲ ಹೈಕಿಂಗ್ ಹೋಗ್ತಾರೆ ಡಾಕ್ಟ್ರೇ. ನಾನು ಪಾರ್ಕಿಂಗ್ ಲಾಟಲ್ಲಿ ಕಾರೊಳಗೆ ಕೂತು ಕಾಯ್ತೀನಿ. ಒಂದೇ ಒಂದ್ಸಲ ಬೆಟ್ಟದ ತುದಿ ಮುಟ್ಟೋ ಹಾಗೆ ಮಾಡಿ, ನೀವು ಹೇಳಿದ್ದೆಲ್ಲ ಕೇಳ್ತೀನಿ," ಎಂದರು.

ಕೇಳಿದರು ಕೂಡ. ಸ್ನೋ ಬಿದ್ದ ತಿಂಗಳುಗಳಲ್ಲಿ ಮಾಲ್ ಒಳಗೇ ಸುತ್ತು ಹಾಕಿದರು. ಹತ್ತು ತಿಂಗಳಲ್ಲಿ ಎ1ಸಿ 7.1ಕ್ಕೆ ಇಳಿಯಿತು. ಜುಲೈನ ಒಂದು ಶನಿವಾರ ಹೊರಡುವುದೆಂದಾಯಿತು. ನೀವೂ ಬರಲೇಬೇಕು ಎಂದು ಹಟ ಹಿಡಿದರು, ಅವರ ಮತ್ತು ರೇಖಾಳ ಜೊತೆ ಹೋದೆ.

ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಆಡಿರಾಂಡಾಕ್ ಪರ್ವತಗಳಲ್ಲಿ ಅದೊಂದು ನಾಲ್ಕು ಸಾವಿರ ಅಡಿಯ ಶಿಖರ. ದಾರಿ ಎರಡೂವರೆ ಮೈಲಿಯಷ್ಟೇ, ಮಕ್ಕಳು ಮರಿ ಎಲ್ಲ ಹತ್ತುತ್ತಾರೆ. ನೆತ್ತಿಯಲ್ಲಿ ಮಾತ್ರ ಮರಗಳಿಲ್ಲ. ಬರೀ ಬಂಡೆ, ನಡುವೆ ಎತ್ತರದ ಚಳಿಯಲ್ಲಷ್ಟೇ ಬೆಳೆಯುವ ಗೇಣುದ್ದದ ಗಿಡಗಳು.

ಹತ್ತುವ ಮೊದಲು ಕೇಳಿದೆ: "ತಿಂಡಿ ಆಯ್ತಾ ಶಾರದಮ್ಮ?"

"ಆಯ್ತು, ಆಯ್ತು. ಮಾತ್ರೇನೂ ತಗೊಂಡೆ."

ನಮ್ಮ ಜನರಲ್ಲಿ ಈ ಪ್ರಶ್ನೆಗೆ ಇಲ್ಲ ಎನ್ನುವವರು ಯಾರು? ಇನ್ನೊಬ್ಬರಿಗೆ ತೊಂದರೆ ಬೇಡ ಎಂದು ಹಸಿದವರೂ ಆಯ್ತು ಎನ್ನುತ್ತಾರೆ. ಅದು ಗೊತ್ತಿದ್ದೂ ನಾನು ನಂಬಿದೆ.

ಮೂರು ಗಂಟೆ ಒಂದೇ ಸಮ ಹತ್ತಿದರು. ಮರಗಳು ಮುಗಿದು ಬಂಡೆ ಶುರುವಾದ ಕಡೆ ಕೈ ನಡುಗತೊಡಗಿತು, ಹಣೆಯಲ್ಲಿ ತಣ್ಣನೆ ಬೆವರು. ಹಾಗೇ ಕುಸಿದು ಕೂತರು. ಬೆರಳು ಚುಚ್ಚಿ ಮೀಟರ್‌ನಲ್ಲಿ ನೋಡಿದೆ: 52. ಎಪ್ಪತ್ತಕ್ಕಿಂತ ಇಳಿದರೇ ಅಪಾಯ, ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ. ಜ್ಯೂಸ್ ಬಾಟಲಿ ಬಾಯಿಗೆ ಹಿಡಿದರೆ ಆಕೆ ಮುಖ ತಿರುಗಿಸಿದರು.

"ಇವತ್ತು ಸಂಕಷ್ಟಿ. ಚಂದ್ರ ನೋಡೋವರೆಗೂ ಏನೂ ಬೇಡ."

"ಅಮ್ಮಾ, ಬೆಳಿಗ್ಗೆ ಬರೀ ಕಾಫಿ ಕುಡಿದು ಬಂದ್ಯಾ?" ರೇಖಾ ಕೇಳಿದಳು.

"ಅಲ್ರೀ, ಉಪವಾಸ ಇದ್ಕೊಂಡು ಮಾತ್ರೆ ನುಂಗಿದೀರಲ್ಲ," ಎಂದು ನಾನು ರೇಗಿದೆ.

"ಏನೇ ಆದ್ರೂ ಮಾತ್ರೆ ತಪ್ಪಿಸಬೇಡಿ ಅಂದಿದ್ರಲ್ಲ ನೀವು. ತಪ್ಪಿಸಿಲ್ಲ."

ನಾನು ಬರೆದುಕೊಟ್ಟಿದ್ದ ಗ್ಲಿಮೆಪಿರೈಡ್ ದೇಹದಿಂದ ಇನ್ಸುಲಿನ್ ಹೊರಡಿಸಿ ಸಕ್ಕರೆ ಇಳಿಸುವ ಮಾತ್ರೆ. ಹೊಟ್ಟೆಗೆ ಏನಾದರೂ ಬಿದ್ದಿದೆಯೋ ಇಲ್ಲವೋ ಅದು ನೋಡುವುದಿಲ್ಲ. ಉಪವಾಸ ಮಾಡುತ್ತೀರಾ ಎಂದು ಒಂದು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿರಲಿಲ್ಲ. ನಾಚಿಕೆಯಾಯಿತು.

ಪಕ್ಕದಲ್ಲಿ ಕೂತೆ. "ತಪ್ಪು ನಂದು ಶಾರದಮ್ಮ. ಕುಡೀರಿ. ಗಣಪತಿ ಕೇಳಿದ್ರೆ ನನ್ನ ಹೆಸರು ಹೇಳಿ."

ಕಣ್ಣು ಮುಚ್ಚಿ ಏನೋ ಹೇಳಿಕೊಂಡು ಕುಡಿದರು. ಹದಿನೈದು ನಿಮಿಷದ ಮೇಲೆ 88. ರೇಖಾ ಚಪಾತಿ ತಿನ್ನಿಸಿದಳು. ತುದಿ ಕಣ್ಣೆದುರಿಗೇ ಇತ್ತು, ಇಪ್ಪತ್ತು ನಿಮಿಷದ ದಾರಿ.

"ಈಗ ಸರಿ ಹೋದೆನಲ್ಲ. ಹತ್ತಿಬಿಡೋಣ."

ನನಗೂ ಆಸೆಯಿತ್ತು. ಆದರೆ ಆ ಮಾತ್ರೆ ದಿನವಿಡೀ ಕೆಲಸ ಮಾಡುತ್ತದೆ, ಇಳಿಯುವಾಗ ಸಕ್ಕರೆ ಮತ್ತೆ ಬೀಳಬಹುದು. ಆಗುವುದಿಲ್ಲ ಎಂದೆ. ಆಕೆ ದುಪಟ್ಟಾದಲ್ಲಿ ಮುಖ ಮುಚ್ಚಿ ಅತ್ತರು. ಅರ್ಧರ್ಧ ಗಂಟೆಗೆ ಬೆರಳು ಚುಚ್ಚುತ್ತಾ ಕೆಳಗಿಳಿಸಿದೆವು. ಒಮ್ಮೆ 66ಕ್ಕೆ ಇಳಿದೇ ಇಳಿಯಿತು.

ಆ ವಾರವೇ ಮಾತ್ರೆ ಬದಲಿಸಿದೆ. ಸೆಪ್ಟೆಂಬರ್‌ನಲ್ಲಿ ಪಂಚಾಂಗ ನೋಡಿ ದಿನ ಗೊತ್ತು ಮಾಡಿ ಮತ್ತೆ ಹೋದೆವು. ಈ ಸಲ ಆಕೆ ತುದಿ ಮುಟ್ಟಿದರು. ಬಂಡೆಯ ಮೇಲೆ ಕಾಲು ಚಾಚಿ ಕೂತವರು ಎಷ್ಟು ಕರೆದರೂ ಏಳಲೊಲ್ಲರು.

ಅಂದಿನಿಂದ ನಿವೃತ್ತಿಯ ದಿನದವರೆಗೂ, ಯಾವ ಯಾವ ದಿನ ಉಪವಾಸ ಎಂದು ಕೇಳದೆ ನಾನು ಯಾರಿಗೂ ಮಾತ್ರೆ ಬರೆಯಲಿಲ್ಲ. ರೋಗಿಗಳು ಡಾಕ್ಟರ ಮಾತು ಕೇಳುವುದಿಲ್ಲ ಎಂದು ಮೂವತ್ತು ವರ್ಷ ರೇಗಾಡಿದವಳು ನಾನು. ಶಾರದಮ್ಮ ಆ ಬಂಡೆಯ ಮೇಲೆ ಕುಸಿದದ್ದು ನನ್ನ ಮಾತು ಕೇಳಿದ್ದರಿಂದ.