ಗಿಂಡಿ ಕಟ್ಟಿದ ಕ್ರಿಸ್‌ಮಸ್ ಗಿಡದ ಬಗ್ಗೆ

೧. ಸ್ಥಳ: ಸಿದ್ದಾಪುರ, ನಮ್ಮ ಪಕ್ಕದ ಮನೆ.
೨. ಹಾಜರಿದ್ದವರು: ಆ ಮನೆಯ ಫಿಲೋಮಿನಾಬಾಯಿ, ನನ್ನ ಹೆಂಡತಿ ಹಾಗೂ ನಾನು.
೩. ಸಂಗತಿ: ಬಾಯಿಯವರ ಮಗಳ ಸಂಬಂಧ ಕುದುರಿಸಲು ಗಂಡಿನ ಕಡೆಯವರು ಇಂದು ಬರುವವರಿದ್ದು, ಅಷ್ಟರೊಳಗೆ ಕ್ರಿಸ್‌ಮಸ್ ಗಿಡದ ಅಲಂಕಾರ ಮುಗಿಯತಕ್ಕದ್ದು.

ಮಿತ್ರರೇ, ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ನಾನು ನಕ್ಷತ್ರಗಳನ್ನು ಮಾಡಿದೆ. ಬಾಯಿಯವರು ಹಳೆಯ ಬಳೆಗಳಿಗೆ ಬಣ್ಣದ ನೂಲು ಸುತ್ತಿದರು. ನನ್ನ ಹೆಂಡತಿಗೆ ಮಾತ್ರ ಸಮಾಧಾನವಾಗಲಿಲ್ಲ. ಚೌತಿಯಲ್ಲಿ ಗಣಪತಿಯ ಮೇಲ್ಗಡೆ ಕಾಯಿ, ಹಣ್ಣು, ಅಡಿಕೆಗೊನೆಗಳನ್ನು ತೂಗಿಬಿಡುವ ಫಲಾವಳಿ ಕಟ್ಟಿ ಪಳಗಿದ ಕೈ ಅದು.

"ಎಂತ ಇದು, ಬರೀ ಕಾಗ್ದ! ತೂಕ ಇಲ್ದೇ ಶೋಭೆ ಬತ್ತಿಲ್ಲೆ" ಎಂದವಳೇ, ಬಣ್ಣ ಬಳಿದ ತೆಂಗಿನ ಕರಟಗಳನ್ನೂ ಹಳೆಯ ಹಿತ್ತಾಳೆಯ ಗಿಂಡಿಯನ್ನೂ ಕಟ್ಟಿದಳು. ಕ್ರಿಸ್‌ಮಸ್ ಗಿಡವೆಂದು ಕುಂಡದಲ್ಲಿ ನೆಟ್ಟಿದ್ದ ಸದರಿ ಗಾಳಿಮರದ ಟೊಂಗೆಯು ನಮ್ಮೆಲ್ಲರ ಸಮಕ್ಷಮ ಬಾಗಿ, ಬುಡದಲ್ಲೇ ಮುರಿದು ಅಡ್ಡಬಿದ್ದಿತು.

"ಅಯ್ಯೋ ದೇವಾ! ಅವರು ಶಿರಸಿ ಬಿಟ್ಟಾಯ್ತಂತೆ ಅಕ್ಕಾ!" ಎಂದು ಬಾಯಿಯವರು ತಲೆಯ ಮೇಲೆ ಕೈಹೊತ್ತರು.

"ಹೆದರಬೇಡ ಮಾರಾಯ್ತಿ. ಹೋಯ್, ಹಗ್ಗ ತಗಂಬನ್ನಿ!" ಎಂದು ನನಗೆ ಆಜ್ಞೆಯಾಯಿತು.

ಬಿದ್ದ ಟೊಂಗೆಯನ್ನು ಅಡ್ಡಡ್ಡವಾಗಿಯೇ ಜಂತಿಗೆ ತೂಗಿಬಿಟ್ಟೆವು. ಥೇಟ್ ಫಲಾವಳಿ!

ಗಂಡಿನ ತಾಯಿ ಬಂದವರೇ ಕತ್ತೆತ್ತಿ ನೋಡಿದರು. "ಬೆಕ್ಕಿಗೂ ಸಿಗೋದಿಲ್ಲ, ಮಕ್ಕಳಿಗೂ ಸಿಗೋದಿಲ್ಲ! ಇದು ನಿಮ್ಮ ಮನೆಯ ಪದ್ಧತಿಯಾ ಬಾಯಿ?"

"ನಮ್ಮ ಅಜ್ಜಿ ಕಾಲದಿಂದಲೂ" ಎಂದರು ಬಾಯಿಯವರು, ಕಣ್ಣು ಮಿಟುಕಿಸದೆ.

ಸಂಬಂಧ ಕುದುರಿತು. ಅರ್ಧ ತಾಸಿನಷ್ಟು ಪುರಾತನವಾದ ಈ ಪದ್ಧತಿಯನ್ನು ಬೀಗರು ತಮ್ಮ ಮನೆಯಲ್ಲೂ ಆಚರಿಸಲು ನಿಶ್ಚಯಿಸಿರುತ್ತಾರೆ.

ಇಂತಿ ವಿಧೇಯ,
(ಸಹಿ) ಶ್ರೀಪಾದ ಹೆಗಡೆ, ಹಗ್ಗ ಹಿಡಿದವನು
ಲಗತ್ತು: ತೂಗುತ್ತಿರುವ ಗಿಡದ ಫೋಟೊ, ಒಂದು.